ಮೈಸೂರು ರಸ್ತೆ ಬರೆ (ಗುಡ್ಡದ ಇಳಿಜಾರು) ಮೇಲೆ ಫಾಸ್ಟ್ ಫುಡ್ ಹೋಟೆಲ್: ಆಕ್ಷೇಪಣೆಗೆ ಇನ್ನು 11 ದಿನ ಇದೆ, ಏನು ಬರೆಯೋಣ?

ಕೆಳಗಿನ ಗಲ್ಲಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಪೇಪರಿನ ಮೂರನೇ ಪುಟದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಒಂದು ಪ್ರಕಟಣೆ ಬಂದಿತ್ತು. ಶ್ರದ್ಧಾಂಜಲಿ ಜಾಹೀರಾತುಗಳ ಕೆಳಗೆ, ಅಂಗೈ ಅಗಲದ್ದು. ಮೈಸೂರು ರಸ್ತೆಯಿಂದ ಮಡಿಕೇರಿಗೆ ಹತ್ತಿ ಬರುವಾಗ ಎಡಗಡೆ ಇಳಿಜಾರಿನಲ್ಲಿ ಸಿಲ್ವರ್ ಮರಗಳಿರುವ 45 ಸೆಂಟ್ ಜಾಗ ಇದೆಯಲ್ಲ, ಅದನ್ನು ವಾಸದ ಉಪಯೋಗದಿಂದ ವಾಣಿಜ್ಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ಕೊಡಿ ಎಂದು ಅದರಲ್ಲಿತ್ತು. ವಿಚಾರಿಸಿದೆ. ಒಂದು ದೊಡ್ಡ ಫಾಸ್ಟ್ ಫುಡ್ ಕಂಪನಿಯ ಹೋಟೆಲ್ ಬರುತ್ತಂತೆ. ಕಾರಿನಲ್ಲಿ ಕೂತೇ ತಿಂಡಿ ತೆಗೆದುಕೊಂಡು ಹೋಗುವ ಡ್ರೈವ್ ಥ್ರೂ ಕೂಡ ಇರುತ್ತದೆ.

ಆ ಜಾಗದ ಕೆಳಗಡೆ ನಮ್ಮದು ಸೇರಿ ಐದು ಮನೆ ಇದೆ. ಮೇಲಿನ ರಸ್ತೆಗೂ ನಮ್ಮ ಗಲ್ಲಿಗೂ ಸುಮಾರು ಮೂವತ್ತು ಅಡಿ ಇಳುಕಲು. ಜುಲೈ ಎರಡನೇ ವಾರ ಬಂತೆಂದರೆ ನಮ್ಮ ಬಚ್ಚಲ ಹಿಂದಿನ ಗೋಡೆ ಬುಡದಲ್ಲಿ ಜಲ ಏಳುತ್ತದೆ. ಬೆರಳು ದಪ್ಪ ನೀರು, ತಿಳಿಯಾಗಿ, ಐಸ್‌ನಷ್ಟು ತಣ್ಣಗೆ. ನಮ್ಮತ್ತೆ ಅದರಲ್ಲೇ ಪಾತ್ರೆ ತೊಳೆಯುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಆ ನೀರು ಕೆಂಪಗೆ ಬಂತು, ಚಹಾ ಡಿಕಾಕ್ಷನ್ ಹಾಗೆ. ಅತ್ತೆ ನೋಡಿದ ತಕ್ಷಣ ಮಕ್ಕಳನ್ನು ಎಬ್ಬಿಸಿ ಎಂದರು. ನಾವು ನಾಲ್ಕು ದಿನ ನೆಂಟರ ಮನೆಯಲ್ಲಿದ್ದೆವು. ನಮ್ಮ ಮನೆ ಉಳಿಯಿತು. ಪಕ್ಕದ ಮನೆಯ ಅಡುಗೆ ಕೋಣೆ ಮೇಲೆ ಮಣ್ಣು ಬಿತ್ತು. ಅದರ ಹಿಂದಿನ ವರ್ಷ ಮೇಲಿನವರೊಬ್ಬರು ಹೋಂಸ್ಟೇಗೆಂದು ಬರೆಯನ್ನು ನೆಟ್ಟಗೆ ಕಡಿದಿದ್ದರು.

ನನಗೆ ಬರ್ಗರ್ ಬೇಡ ಎಂದು ಹೇಳುವ ಆಸೆ ಇಲ್ಲ. ನನ್ನ ಮಗಳಿಗೇ ಇಷ್ಟ. ಆದರೆ ಆ ಜಾಗದಲ್ಲಿ ಏನನ್ನು ಎಷ್ಟು ಕಡಿಯುತ್ತಾರೆ, ಎಲ್ಲಿ ಮಣ್ಣು ತುಂಬುತ್ತಾರೆ, ನೀರು ಎಲ್ಲಿಗೆ ಬಿಡುತ್ತಾರೆ ಅನ್ನೋದು ನಮಗೆ ಗೊತ್ತಾಗಬೇಕು. ತಿಳಿದವರು ದಯವಿಟ್ಟು ಹೇಳಿ, ಅರ್ಜಿಯಲ್ಲಿ ಏನು ಬರೆದರೆ ಅವರು ಗಮನ ಕೊಡುತ್ತಾರೆ?

ಕಾಲೇಜು ರಸ್ತೆ ಹುಡುಗ

ಅಕ್ಕ, ನಿಮ್ಮ ಭಯ ಅರ್ಥ ಆಗುತ್ತದೆ. ಆದರೂ ಇನ್ನೊಂದು ಕಡೆಯನ್ನೂ ಹೇಳುತ್ತೇನೆ. ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು. ನಮ್ಮ ಬ್ಯಾಚಿನ ಮೂವತ್ತು ಜನರಲ್ಲಿ ಊರಲ್ಲಿ ಉಳಿದವರು ಆರೇ ಮಂದಿ. ಇಲ್ಲಿ ಕೆಲಸ ಎಂದರೆ ಹೋಂಸ್ಟೇ, ರೆಸಾರ್ಟ್, ಇಲ್ಲದಿದ್ದರೆ ಮೊಬೈಲ್ ಅಂಗಡಿ. ಸೀಸನ್ ಮುಗಿದರೆ ಬರಬೇಡ ಎನ್ನುತ್ತಾರೆ. ದೊಡ್ಡ ಕಂಪನಿ ಬಂದರೆ ಪಿಎಫ್ ಇರುತ್ತದೆ, ಮಳೆಗಾಲದಲ್ಲೂ ಸಂಬಳ ಬರುತ್ತದೆ. ಹೊಸದು ಏನೇ ಬಂದರೂ ಬೇಡ ಎಂದರೆ ನಾವೆಲ್ಲ ಬೆಂಗಳೂರು ಬಸ್ಸೇ ಹತ್ತಬೇಕು, ಅಲ್ವಾ?

ಶುಕ್ರವಾರ ಸಂತೆ

ಕೆಲಸ ಸರಿ. ಆದರೆ ಕೊಡಗಿಗೆ ಬಂದವರು ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ರೊಟ್ಟಿ ತಿನ್ನಬೇಕು. ಎಲ್ಲ ಊರಲ್ಲೂ ಸಿಗುವ ಅದೇ ಕೆಂಪು ಹಳದಿ ಬೋರ್ಡು ನಮ್ಮ ಊರ ಬಾಗಿಲಲ್ಲೇ ಯಾಕೆ? ನಮ್ಮ ಮಕ್ಕಳಿಗೆ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯ ಹೆಸರೇ ಮರೆತುಹೋಗುತ್ತಿದೆ. ನಾನಂತೂ ಬೇಡ ಎಂದೇ ಬರೆಯುತ್ತೇನೆ.

ಹಳೇ ಹೋಟೆಲು

ನಾನು ಈ ಊರಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿದ್ದೇನೆ. ಆ ಕಂಪನಿ ಬಂದರೆ ನನಗೆ ಪೆಟ್ಟು ಬೀಳುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ವ್ಯಾಪಾರ ಕಮ್ಮಿ ಆಗುತ್ತದೆ ಎನ್ನುವುದು ಆಕ್ಷೇಪಣೆ ಆಗುವುದಿಲ್ಲ ಅಣ್ಣ. ರುಚಿ, ಸಂಸ್ಕೃತಿ ಎಂದು ಬರೆದರೂ ಪ್ರಾಧಿಕಾರದವರು ಪಕ್ಕಕ್ಕಿಡುತ್ತಾರೆ. ಅವರು ನೋಡಬೇಕಾದ್ದು ಜಾಗ, ರಸ್ತೆ, ನೀರು, ಕಸ.

ಅಡುಗೆಮನೆ ನೀರಿನ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಮ್ಮ ಊರ ಚಳಿಯಲ್ಲಿ ಜಿಡ್ಡು ಬೇಗ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಪೈಪು ಬಿಚ್ಚಿದರೆ ಒಳಗೆ ಬಿಳಿ ಮೇಣದ ಹಾಗೆ ಕೂತಿರುತ್ತದೆ. ಕೋಲು ಹಾಕಿದರೂ ಹೋಗುವುದಿಲ್ಲ, ಕುದಿಯುವ ನೀರೇ ಬೇಕು. ನಮ್ಮದು ದೋಸೆ, ಪೂರಿ ಹೋಟೆಲ್. ಅದಕ್ಕೇ ಇಷ್ಟು. ಇಡೀ ದಿನ ಕೋಳಿ, ಆಲೂಗಡ್ಡೆ ಕರಿಯುವ ಅಡುಗೆಮನೆ ಎಂದರೆ ಜಿಡ್ಡು ತಡೆಯುವ ತೊಟ್ಟಿ ಕಡ್ಡಾಯವಾಗಿ ಬೇಕು. ವಾರಕ್ಕೊಮ್ಮೆಯಾದರೂ ಅದನ್ನು ತೆಗೆಯಬೇಕು. ಒಳಚರಂಡಿ ಇಲ್ಲದ ಕಡೆ ಆ ನೀರು ಇಂಗುಗುಂಡಿಗೇ ಹೋಗುತ್ತದೆ. ಜಿಡ್ಡು ಕೂತ ಗುಂಡಿ ಇಂಗುವುದನ್ನು ನಿಲ್ಲಿಸುತ್ತದೆ, ಉಕ್ಕುತ್ತದೆ. ಉಕ್ಕಿದರೆ ಕೆಳಗಿನ ಗಲ್ಲಿಗೇ ಬರುತ್ತದೆ.

ಕರಿದ ಎಣ್ಣೆಗೂ ನಿಯಮ ಇದೆ. 2018ರ ಜುಲೈಯಿಂದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ) ಶೇಕಡಾ 25 ದಾಟಿದರೆ ಮತ್ತೆ ಬಳಸುವ ಹಾಗಿಲ್ಲ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು, ಹಳೆ ಎಣ್ಣೆಯನ್ನು ಒಪ್ಪಿಗೆ ಪಡೆದ ಸಂಗ್ರಹಗಾರರಿಗೇ ಕೊಡಬೇಕು. ಅವರು ಯಾರಿಗೆ ಕೊಡುತ್ತಾರೆ, ಗಾಡಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ ಸುರಿದರೆ ಯಾರು ನೋಡುತ್ತಾರೆ?

ನಿವೃತ್ತ ಇಂಜಿನಿಯರ್

ನಾನು ರಸ್ತೆ ಕಟ್ಟಡ ಕೆಲಸದಲ್ಲಿ ಜೀವನ ಕಳೆದವನು. ಕೆಳಗಿನ ಗಲ್ಲಿಯ ತಂಗಿ ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೆಂಪು ನೀರು. ಅತ್ತೆಯವರು ಸರಿಯಾಗಿ ಗುರುತಿಸಿದರು. ತಿಳಿ ಜಲ ಏಕಾಏಕಿ ಕದಡಿ ಬಂದರೆ ಒಳಗೆ ಮಣ್ಣು ಕೊಚ್ಚುತ್ತಿದೆ ಎಂದು ಅರ್ಥ. ಏಳುತ್ತಿದ್ದ ಜಲ ಥಟ್ಟನೆ ನಿಂತರೂ ಅಷ್ಟೇ ಅಪಾಯ. ಎರಡರಲ್ಲಿ ಯಾವುದನ್ನು ಕಂಡರೂ ಮನೆ ಬಿಡಬೇಕು. ಈ ಚರ್ಚೆ ಓದುವವರೆಲ್ಲ ಇದೊಂದನ್ನು ಮನೆಯವರಿಗೆ ಹೇಳಿ.

ನಮ್ಮ ಬೆಟ್ಟದ ಕಲ್ಲು ಗಟ್ಟಿ. ಆದರೆ ಅದರ ಮೇಲೆ ಕೊಳೆತ ಕಲ್ಲು, ಕೆಂಪು ಮಣ್ಣಿನ ದಪ್ಪ ಪದರ ಇದೆ. ಬೇಸಿಗೆಯಲ್ಲಿ ಈ ಮಣ್ಣು ಎಷ್ಟು ಗಟ್ಟಿ ಎಂದರೆ ಹತ್ತಡಿ ನೆಟ್ಟಗೆ ಕಡಿದರೂ ಗೋಡೆ ಹಾಗೆ ನಿಲ್ಲುತ್ತದೆ. ಹಿಟಾಚಿಯವನು ನೋಡಿ ಸಾರ್, ಏನೂ ಆಗಲ್ಲ ಎನ್ನುತ್ತಾನೆ. ಮಳೆಯಲ್ಲಿ ಅದೇ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಹಿಡಿತ ಬಿಡುತ್ತದೆ. ಬುಡ ಕಡಿದಿದ್ದರೆ ಮೇಲಿನದಕ್ಕೆ ಆಸರೆ ಇರುವುದಿಲ್ಲ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಆದದ್ದನ್ನು ನೋಡಿದ್ದೇವೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಎಲ್ಲ ಕಡೆಯೂ ಮನುಷ್ಯನೇ ಕಾರಣ ಎನ್ನುವುದಿಲ್ಲ. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಇಳಿಜಾರು ಕಡಿದದ್ದು ದೊಡ್ಡ ಕಾರಣ ಎಂದು 2018ರ ನಂತರ ಬಂದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೇ ಹೇಳಿದ್ದಾರೆ.

ಈ ಜಾಗದಲ್ಲಿ ನನಗೆ ಕಡಿಯುವುದಕ್ಕಿಂತ ತುಂಬುವುದರ ಬಗ್ಗೆ ಜಾಸ್ತಿ ಹೆದರಿಕೆ. ರಸ್ತೆ ಮೇಲೆ, ಜಾಗ ಕೆಳಗೆ. ಕಾರು ನಿಲ್ಲಿಸಲು ಸಮತಟ್ಟು ಬೇಕು. ಹಾಗಾದರೆ ಕೆಳಗಿಂದ ತಡೆಗೋಡೆ ಎಬ್ಬಿಸಿ, ರಸ್ತೆ ಮಟ್ಟಕ್ಕೆ ಮಣ್ಣು ತುಂಬಲೇಬೇಕು. ಸಡಿಲ ಮಣ್ಣು, ಮೇಲೆ ಕಾಂಕ್ರೀಟು, ಅದರ ಮೇಲೆ ಕಾರು. ಗೋಡೆಗೆ ನೀರು ಹೋಗುವ ಕಿಂಡಿ ಸರಿಯಾಗಿಲ್ಲದಿದ್ದರೆ ಹಿಂದೆ ನೀರು ನಿಂತು ಗೋಡೆ ಹೊಟ್ಟೆ ಬಿಡುತ್ತದೆ. ಇನ್ನು ಮೇಲಿನ ಕಾಂಕ್ರೀಟಿನ ಮಳೆ ನೀರು. ಒಂದು ಸೆಂಟ್ ಎಂದರೆ ಸುಮಾರು 40 ಚದರ ಮೀಟರ್. 45 ಸೆಂಟಿನಲ್ಲಿ 30 ಸೆಂಟ್ ಮುಚ್ಚಿದರೂ 1,200 ಚದರ ಮೀಟರ್. ನಾಲ್ಕು ಇಂಚು ಮಳೆ ಬಂದ ದಿನ ಅಷ್ಟರಿಂದಲೇ ಒಂದು ಲಕ್ಷದ ಇಪ್ಪತ್ತು ಸಾವಿರ ಲೀಟರ್ ನೀರು ಇಳಿಯುತ್ತದೆ. ನಾಲ್ಕು ಇಂಚು ನಮಗೆ ಅಪರೂಪವೇ? ಈಗ ಆ ನೀರನ್ನು ಮರ, ಗಿಡ, ತರಗೆಲೆ ಹಿಡಿಯುತ್ತಿವೆ. ನಾಳೆ ಯಾರು ಹಿಡಿಯಬೇಕು?

ಅದಕ್ಕೆ ನೀವು ಕೇಳಬೇಕಾದದ್ದು ಇಷ್ಟು. ಮಣ್ಣು ಪರೀಕ್ಷೆ ಆಗಿದೆಯೇ? ತಡೆಗೋಡೆ ಲೆಕ್ಕಾಚಾರಕ್ಕೆ ಯಾರು ಸಹಿ ಹಾಕಿದ್ದಾರೆ? ಮಳೆ ನೀರು ಯಾವ ದಾರಿಯಲ್ಲಿ ಯಾವ ತೋಡಿಗೆ ಸೇರುತ್ತದೆ, ಆ ತೋಡಿನ ಅಗಲ ಎಷ್ಟು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಕೆಲಸ ನಿಲ್ಲಿಸುತ್ತಾರೆಯೇ?

ಬಾಣೆ ಜಾಗ

ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೊದಲು ಪಹಣಿ ತೆಗೆಸಿ. ನಮ್ಮ ಜಿಲ್ಲೆಯಲ್ಲಿ ಜಾಗ ಜಮ್ಮಾ ಬಾಣೆಯೋ (ವಂಶಪಾರಂಪರ್ಯ ಹಿಡುವಳಿಯ ಗದ್ದೆಗೆ ಸೇರಿದ ಗುಡ್ಡ ಜಾಗ), ಸಾಗುವೋ (ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿ), ಪೈಸಾರಿ (ಸರಕಾರಿ ಜಾಗ) ಸೇರಿದೆಯೋ ಎನ್ನುವುದರ ಮೇಲೆ ಎಷ್ಟೋ ವಿಷಯ ನಿಂತಿದೆ. ಅನ್‌ರಿಡೀಮ್ಡ್ (ಮರದ ಬೆಲೆ ಸರಕಾರಕ್ಕೆ ಕಟ್ಟಿಲ್ಲ) ಎಂದಿದ್ದರೆ ಮರದ ಮೇಲೆ ಸರಕಾರದ ಹಕ್ಕು ಇರುತ್ತದೆ. ಸಿಲ್ವರ್ ಬಿಟ್ಟು ಬೇರೆ ಜಾತಿ ಮರ ಇದೆಯಾ ನೋಡಿ. ಜಾಗ ಭೂ ಪರಿವರ್ತನೆ ಆಗಿದ್ದರೂ ವಾಸಕ್ಕೆ ಆಗಿದೆಯೋ ವಾಣಿಜ್ಯಕ್ಕೋ ಎಂದು ಆದೇಶದ ಪ್ರತಿಯಲ್ಲಿ ಬರೆದಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನ ಹಿಡಿಯಬಹುದು. ನಿಮಗಿರುವುದು 11 ದಿನ. ನೇರವಾಗಿ ಕಚೇರಿಗೆ ಹೋಗಿ ಕಡತ ನೋಡಬೇಕು ಎಂದು ಬರೆದುಕೊಡಿ.

ಸ್ಟ್ಯಾಂಡಿನ ಟ್ಯಾಕ್ಸಿ

ದಿನಕ್ಕೆ ನಾಲ್ಕು ಸಲ ಆ ತಿರುವಿನಲ್ಲಿ ಹೋಗಿ ಬರುತ್ತೇನೆ. ಹೊರಗಿನವರು ಕುಶಾಲನಗರದಿಂದ ಒಂದೇ ಸಮ ಹತ್ತಿ ಬರುತ್ತಾರೆ, ಬೋರ್ಡು ಕಂಡ ತಕ್ಷಣ ಬ್ರೇಕ್ ಹೊಡೆಯುತ್ತಾರೆ. ಜುಲೈ ಮಂಜಿನಲ್ಲಿ ಮುಂದಿನ ಗಾಡಿಯ ಲೈಟೇ ಕಾಣುವುದಿಲ್ಲ. ಊರಿಂದ ಇಳಿಯುವವರು ಬಲಕ್ಕೆ ತಿರುಗಿ ರಸ್ತೆ ದಾಟಿ ಒಳಗೆ ಹೋಗಬೇಕು. ಆಗ ಹಿಂದೆ ಬಸ್ಸು ಇದ್ದರೆ ಗತಿ ಏನು? ಶನಿವಾರ ಭಾನುವಾರ ರಾಜಾಸೀಟ್ ಕಡೆಗೆ ಈಗಲೇ ಜಾಮ್. ದಸರಾ ದಶಮಂಟಪದ ರಾತ್ರಿ ಗಾಡಿಗಳೆಲ್ಲ ಆ ರಸ್ತೆ ಬದಿಯಲ್ಲೇ ನಿಲ್ಲುತ್ತವೆ. ಆಂಬುಲೆನ್ಸ್ ಮೈಸೂರಿಗೆ ಹೋಗುವುದೂ ಅದೇ ರಸ್ತೆಯಲ್ಲಿ. ಇದನ್ನು ದಯವಿಟ್ಟು ಬರೆಯಿರಿ.

ನಿವೃತ್ತ ಇಂಜಿನಿಯರ್

ಇದು ರಾಷ್ಟ್ರೀಯ ಹೆದ್ದಾರಿ 275. ಹೆದ್ದಾರಿಯಿಂದ ಒಳಗೆ ಹೋಗುವ ದಾರಿಗೆ ಹೆದ್ದಾರಿಯವರ ಅನುಮತಿ ಬೇರೆಯೇ ಬೇಕು. ಊರ ಮಿತಿಯ ಹೊರಗಾದರೆ ರಸ್ತೆ ನಡುವಿನಿಂದ 40 ಮೀಟರ್ ಒಳಗೆ ಕಟ್ಟಡ ಇರಬಾರದು, 75 ಮೀಟರ್‌ವರೆಗೆ ನಿಯಂತ್ರಣ ಇದೆ ಎಂಬುದು ಹೆದ್ದಾರಿ ಪದ್ಧತಿ. ಈ ಜಾಗ ಮಿತಿಯ ಒಳಗೋ ಹೊರಗೋ ಎಂದು ಕಡತದಲ್ಲಿ ನೋಡಲೇಬೇಕು.

ಕಾಲೇಜು ರಸ್ತೆ ಹುಡುಗ

ಇದೆಲ್ಲ ನನಗೆ ಗೊತ್ತಿರಲಿಲ್ಲ. ಕೆಲಸ ಬೇಕು ಎಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಕ್ಕನ ಮನೆ ಮೇಲೆ ನಿಂತು ನನಗೆ ಕೆಲಸ ಬೇಡ. ಊರೊಳಗೆ ಕಟ್ಟಿ ಖಾಲಿ ಬಿದ್ದಿರುವ ಕಾಂಪ್ಲೆಕ್ಸ್‌ಗಳಿಲ್ಲವೇ? ಡ್ರೈವ್ ಥ್ರೂ ಬಿಟ್ಟು, ಬಾಡಿಗೆಗೆ ಒಂದು ಮಹಡಿ ಹಿಡಿದರೆ ಹೋಟೆಲೂ ಬರುತ್ತದೆ, ಬರೆಯೂ ಉಳಿಯುತ್ತದೆ.

ಬೆಂಗಳೂರು ಶಿಫ್ಟ್

ನಾನು ವಿರಾಜಪೇಟೆ ಕಡೆಯವಳು. ಬೆಂಗಳೂರಿನಲ್ಲಿ ಇಂಥದ್ದೇ ಒಂದು ಅಡುಗೆಮನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಕೆಲಸ ಕಷ್ಟ, ಆದರೆ ಸಂಬಳ ತಾರೀಖಿಗೆ ಸರಿಯಾಗಿ ಬರುತ್ತಿತ್ತು. ಅದನ್ನು ಮೊದಲು ಹೇಳಬೇಕು.

ಯಾರೂ ಲಾರಿ ಬಗ್ಗೆ ಹೇಳಲಿಲ್ಲ. ಅಲ್ಲಿ ಏನನ್ನೂ ಹೆಚ್ಚುವುದಿಲ್ಲ, ಅರೆಯುವುದಿಲ್ಲ. ಆಲೂಗಡ್ಡೆ ಕತ್ತರಿಸಿ, ಕೋಳಿ ಮಸಾಲೆ ಹಚ್ಚಿ, ಬನ್ ಕೂಡ ಎಲ್ಲ ಹೊರಗಿಂದ ಬರುತ್ತದೆ. ತಣ್ಣನೆ ಪೆಟ್ಟಿಗೆಯ ದೊಡ್ಡ ಲಾರಿ. ನಮ್ಮಲ್ಲಿ ಅದು ರಾತ್ರಿ ಹನ್ನೊಂದರ ಮೇಲೆ ಬರುತ್ತಿತ್ತು. ಇಳಿಸಲು ಒಂದು ಗಂಟೆ ಬೇಕು. ಅಷ್ಟೂ ಹೊತ್ತು ಲಾರಿಯ ಫ್ರಿಜ್ ಇಂಜಿನ್ ಗುಡುಗುಡು ಎನ್ನುತ್ತದೆ. ರಿವರ್ಸ್ ತೆಗೆಯುವಾಗ ಬೀಪ್ ಸದ್ದು. ಅಲ್ಲಿ ಹಿಂದಿನ ಮನೆಯ ಅಜ್ಜಿ ದಿನಾ ಕಿಟಕಿ ತೆಗೆದು ಬಯ್ಯುತ್ತಿದ್ದರು, ಅವರದು ತಪ್ಪಿರಲಿಲ್ಲ. ಆ ಲಾರಿ ನಿಮ್ಮ ಜಾಗದೊಳಗೆ ತಿರುಗಲು ಆಗುತ್ತದೆಯೇ? ಆಗದಿದ್ದರೆ ಹೆದ್ದಾರಿ ಮೇಲೆ ನಿಂತೇ ಇಳಿಸುತ್ತಾರೆ. ನಕ್ಷೆಯಲ್ಲಿ ಲಾರಿ ತಿರುಗುವ ಜಾಗ ಗುರುತಾಗಿದೆಯೇ ಎಂದು ಖಂಡಿತ ನೋಡಿ.

ಇನ್ನೊಂದು ಕಸ. ಒಬ್ಬ ಗಿರಾಕಿ ಎದ್ದು ಹೋದರೆ ಡಬ್ಬಿ, ಕಪ್ಪು, ಕಾಗದ, ಸಾಸ್ ಪ್ಯಾಕೆಟ್. ಡ್ರೈವ್ ಥ್ರೂನಲ್ಲಿ ತೆಗೆದುಕೊಂಡವರು ಅದನ್ನೆಲ್ಲ ಎಲ್ಲಿ ಎಸೆಯುತ್ತಾರೆ? ನಮ್ಮ ರಸ್ತೆ ಬದಿಯ ತೋಟಕ್ಕೆ.

ಹಳೇ ಹೋಟೆಲು

ನಿಜ ಮಗಳೇ. 2016ರ ಘನತ್ಯಾಜ್ಯ ನಿಯಮದಲ್ಲೇ ಹೋಟೆಲಿನವರು ಹಸಿ ಕಸ ಒಣ ಕಸ ಬೇರೆ ಮಾಡಬೇಕು, ಆದಷ್ಟೂ ಹಸಿ ಕಸವನ್ನು ತಮ್ಮ ಜಾಗದಲ್ಲೇ ಗೊಬ್ಬರ ಮಾಡಬೇಕು ಎಂದು ಬರೆದರು. ಊರ ಕಸವೆಲ್ಲ ಸ್ಟೋನ್‌ಹಿಲ್‌ಗೆ ಹೋಗಿ ಅಲ್ಲಿನ ಜನ ಎಷ್ಟು ಕಷ್ಟಪಟ್ಟಿದ್ದಾರೆ ಎಂದು ನಮಗೆ ಗೊತ್ತಲ್ಲ.

ಕುಶಾಲನಗರದಿಂದ

ಇಲ್ಲಿ ಯಾರಾದರೂ ಮುಂದೆ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಕುಶಾಲನಗರ ಸಮತಟ್ಟು, ಅಲ್ಲಿಗೆ ಕಳಿಸಿ ಎನ್ನಬೇಡಿ. 2018, 2019ರಲ್ಲಿ ಕಾವೇರಿ ನಮ್ಮ ಬಡಾವಣೆಗಳ ಒಳಗೆ ಬಂದಾಗ ಸೊಂಟದ ಮಟ್ಟದ ನೀರಲ್ಲಿ ಫ್ರಿಜ್ ತೇಲುತ್ತಿತ್ತು. ನೀರು ನಿಲ್ಲಲೆಂದು ಇದ್ದ ಗದ್ದೆಗಳನ್ನು ತುಂಬಿ ಸೈಟು ಮಾಡಿದ ಮೇಲೆ ನದಿಗೆ ಜಾಗ ಎಲ್ಲಿದೆ? ನಿಮ್ಮಲ್ಲಿ ಬರೆ, ನಮ್ಮಲ್ಲಿ ಗದ್ದೆ. ನಿಮ್ಮ ಅರ್ಜಿಗೆ ನನ್ನ ಸಹಿ ಇರಲಿ, ನಾನೂ ಬರುತ್ತೇನೆ.

ಕೆಳಗಿನ ಗಲ್ಲಿ

ಇವತ್ತು ಕಚೇರಿಗೆ ಹೋಗಿದ್ದೆ. ಬರೆದುಕೊಟ್ಟ ಮೇಲೆ ಕಡತ ತೋರಿಸಿದರು. ಗುಮಾಸ್ತರು ಒಳ್ಳೆಯ ಹೆಂಗಸು, ಕೂರಲು ಕುರ್ಚಿ ಕೊಟ್ಟರು. ಫೋಟೊ ತೆಗೆಯುವ ಹಾಗಿಲ್ಲ ಎಂದದ್ದಕ್ಕೆ ನೋಡಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಪಾರ್ಕಿಂಗ್ 14 ಕಾರಿಗೆ. ಡ್ರೈವ್ ಥ್ರೂ ಸಾಲಿನಲ್ಲಿ ಐದು ಕಾರಿನ ಚಿತ್ರ ಬರೆದಿದ್ದಾರೆ. ಒಂದು ಕಾರಿಗೆ ಆರು ಮೀಟರ್ ಎಂದರೆ 30 ಮೀಟರಿಗೆ ಸಾಲು ಮುಗಿಯಿತು, ಆರನೇ ಕಾರು ಹೆದ್ದಾರಿಯಲ್ಲೇ ನಿಲ್ಲಬೇಕು. ಲಾರಿ ತಿರುಗುವ ಜಾಗ ಎಲ್ಲೂ ಕಾಣಲಿಲ್ಲ. ಕೆಳಗಿನ ಅಂಚಿನಲ್ಲಿ ತಡೆಗೋಡೆ ಎಂದು ಒಂದು ದಪ್ಪ ಗೆರೆ ಇದೆ. ಎಷ್ಟು ಎತ್ತರ ಎಂದು ಬರೆದಿಲ್ಲ. ಮಣ್ಣು ಪರೀಕ್ಷೆಯ ಕಾಗದ ಕಡತದಲ್ಲಿಲ್ಲ. ಇಂಗುಗುಂಡಿ ಆ ಗೋಡೆಯ ಹಿಂದೆಯೇ ಇದೆ.

ಆಮೇಲೆ ಒಂದು ನೋಡಿದೆ. ಆ ಹಾಳೆಯಲ್ಲಿ ನೆಲ ಪೂರ್ತಿ ಸಮತಟ್ಟು. ಎತ್ತರ ತಗ್ಗಿನ ಒಂದು ಗೆರೆಯೂ ಇಲ್ಲ. ಗೋಡೆಯ ಆಚೆ ಖಾಸಗಿ ಜಾಗ ಎಂದು ಮಾತ್ರ ಬರೆದು ಖಾಲಿ ಬಿಟ್ಟಿದ್ದಾರೆ. ನಮ್ಮ ಗಲ್ಲಿ ಇಲ್ಲ. ನಮ್ಮ ಐದು ಮನೆ ಇಲ್ಲ. ಅತ್ತೆ ಇದ್ದ ಮನೆ, ಮಗಳು ಹುಟ್ಟಿದ ಮನೆ ಆ ಹಾಳೆಯಲ್ಲಿ ಇಲ್ಲವೇ ಇಲ್ಲ. ಎರಡು ಸಲ ಬೆರಳಿಟ್ಟು ಹುಡುಕಿದೆ. ಅಲ್ಲೇ ಅಳು ಬಂತು, ನಿಜವಾಗಿ ಹೇಳುತ್ತೇನೆ.

ಮಾಲೀಕರ ಕಡೆಯವ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಆ ಜಾಗ ನನ್ನ ಚಿಕ್ಕಪ್ಪನದು. ಈ ಮಾತು ಬರೆಯಲು ಹಿಂಜರಿಕೆ ಆಯಿತು, ಆದರೂ ಅಕ್ಕ ಬರೆದದ್ದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಚಿಕ್ಕಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತೋಟ ಇರುವುದು ಎರಡು ಎಕರೆ. ಕಂಪನಿಯವರು ಕೊಡುತ್ತೇನೆಂದ ಬಾಡಿಗೆ ಬಂದರೆ ಆ ಮನೆ ನಡೆಯುತ್ತದೆ. ಜಾಗ ಖಾಲಿ ಬಿಟ್ಟರೆ ಏನೂ ಬರುವುದಿಲ್ಲ. ನಕ್ಷೆ ಮಾಡಿಸಿದ್ದು ಕಂಪನಿ ಕಡೆಯವರು, ಬೆಂಗಳೂರಲ್ಲಿ ಕೂತು. ಜಾಗಕ್ಕೆ ಬಂದದ್ದು ಒಂದೇ ಸಲ, ಅದೂ ಫೆಬ್ರವರಿ ಬಿಸಿಲಲ್ಲಿ, ರಸ್ತೆ ಮೇಲಿಂದಲೇ ನೋಡಿ ಹೋದರು. ಕೆಳಗೆ ಮನೆಗಳಿವೆ ಎಂದು ನಾನು ಹೇಳಿದ್ದೆ. ಹಾಳೆಯಲ್ಲಿ ಬಿಟ್ಟಿದ್ದಾರೆ ಎಂದು ಇವತ್ತೇ ಗೊತ್ತಾದದ್ದು. ಇದು ಸರಿ ಅಲ್ಲ.

ಪೂರ್ತಿ ಬೇಡ ಎನ್ನದೆ ಏನಾದರೂ ದಾರಿ ಇದೆಯೇ ಸಾರ್?

ನಿವೃತ್ತ ಇಂಜಿನಿಯರ್

ಇಷ್ಟು ತೆರೆದ ಮನಸ್ಸಿನಿಂದ ಬರೆದಿರಿ, ನಿಮಗೆ ನನ್ನ ಗೌರವ. ದಾರಿ ಇದೆ, ಆದರೆ ಡ್ರೈವ್ ಥ್ರೂ ಜೊತೆ ಇಲ್ಲ. ಮಣ್ಣು ತುಂಬುವ ಕೆಲಸಕ್ಕೆಲ್ಲ ಮೂಲವೇ ಆ ಕಾರು ಸುತ್ತುವ ದಾರಿ. ಅದನ್ನು ತೆಗೆದರೆ ರಸ್ತೆ ಪಕ್ಕದ ಹತ್ತು ಹನ್ನೆರಡು ಸೆಂಟಿನಲ್ಲಿ, ಇಳಿಜಾರನ್ನು ಮುಟ್ಟದೆ ಸಣ್ಣ ಕಟ್ಟಡಕ್ಕೆ ಅವಕಾಶ ಇರಬಹುದು. ಮಣ್ಣು ಪರೀಕ್ಷೆ ಆಗದೆ ಅದನ್ನೂ ಖಚಿತ ಹೇಳಲಾರೆ. ಹೆದ್ದಾರಿಯವರು ಬಿಡಬೇಕಾದ ಅಂತರ ಎಷ್ಟು ಎನ್ನುತ್ತಾರೋ ಅದರ ಮೇಲೂ ನಿಂತಿದೆ. ಕೆಳಗಿನ ಮೂವತ್ತು ಸೆಂಟ್ ಮರಗಳ ಜೊತೆ ಹಾಗೇ ಇರಬೇಕು. ಕಂಪನಿ ಒಪ್ಪದಿದ್ದರೆ ಅಂಗಡಿ ಮಳಿಗೆ ಎಂದು ಬೇರೆಯವರಿಗೆ ಕೊಡಬಹುದು. ಬಾಡಿಗೆ ಕಮ್ಮಿ ಬರುತ್ತದೆ, ಅದು ನಿಜ.

ತಂಗಿ, ಆಕ್ಷೇಪಣೆಯ ಮೊದಲನೇ ಸಾಲು ಇದೇ ಇರಲಿ: ನಕ್ಷೆಯಲ್ಲಿ ಇಳಿಜಾರು ಮತ್ತು ಕೆಳಗಿನ ಐದು ವಾಸದ ಮನೆಗಳನ್ನು ತೋರಿಸಿಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಪ್ರಕಾರ ಇಂಥ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಕೆಳಗೆ ಯಾರಿದ್ದಾರೆ ಎಂದೇ ತೋರಿಸದ ನಕ್ಷೆ ಇಟ್ಟುಕೊಂಡು ಅದನ್ನು ತೀರ್ಮಾನಿಸುವುದು ಹೇಗೆ? ಉಳಿದದ್ದೆಲ್ಲ ಆಮೇಲೆ. ಐದೂ ಮನೆಯವರು ಬೇರೆ ಬೇರೆ ಅರ್ಜಿ ಕೊಡಿ. ಪ್ರತಿಯೊಂದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಬರೀ ಮಾತಲ್ಲಿ ಹೇಳಿದರೆ ಸಾಲದು. ಭಾನುವಾರ ಟೇಪು, ನೀರುಮಟ್ಟದ ಪೈಪು ತರುತ್ತೇನೆ. ರಸ್ತೆಯಿಂದ ನಿಮ್ಮ ಬಚ್ಚಲ ಗೋಡೆವರೆಗೆ ಅಳೆದು ಒಂದು ಅಡ್ಡಸೀಳು ನಕ್ಷೆ ನಾನೇ ಬರೆಯುತ್ತೇನೆ. ಐದು ಮನೆಯೂ ಅದರಲ್ಲಿರುತ್ತದೆ, ಜಲ ಏಳುವ ಜಾಗವೂ ಇರುತ್ತದೆ.

ಬಾಣೆ ಜಾಗ

ನಮ್ಮಪ್ಪ ಮಳೆ ಅಳತೆ ಬರೆದಿಟ್ಟ ಪುಸ್ತಕಗಳಿವೆ. ದಿನಾ ಬೆಳಿಗ್ಗೆ ಎಂಟಕ್ಕೆ, ಇಂಚು ಸೆಂಟ್ ಲೆಕ್ಕದಲ್ಲಿ (ಮಳೆ ಅಳತೆಯಲ್ಲಿ ಸೆಂಟ್ ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ). 2018ರದ್ದನ್ನೂ ತರುತ್ತೇನೆ. ಅರ್ಜಿಗೆ ಅದರ ಜೆರಾಕ್ಸ್ ಸೇರಿಸಿ.

ಕಾಲೇಜು ರಸ್ತೆ ಹುಡುಗ

ಟೇಪಿನ ಒಂದು ತುದಿ ಹಿಡಿಯಲು ನಾನು ಬರುತ್ತೇನೆ ಸಾರ್. ಎಷ್ಟು ಗಂಟೆಗೆ?

ಕೆಳಗಿನ ಗಲ್ಲಿ

ಎಂಟೂವರೆಗೆ ಬನ್ನಿ. ತಿಂಡಿ ನಮ್ಮಲ್ಲೇ, ಅಕ್ಕಿ ರೊಟ್ಟಿ ಮಾಡುತ್ತೇನೆ.

ಮಾಲೀಕರ ಕಡೆಯವ

ಮೇಲಿನ ಗೇಟಿನ ಬೀಗದ ಕೀ ನನ್ನ ಹತ್ತಿರ ಇದೆ. ಎಂಟಕ್ಕೇ ಬಂದು ತೆಗೆದಿರುತ್ತೇನೆ. ಒಳಗೆ ಲಂಟಾನ ಎದೆ ಮಟ್ಟ ಬೆಳೆದಿದೆ, ಇಳಿಯಲು ದಾರಿ ಸವರಬೇಕು. ಕತ್ತಿ ಎರಡು ತರುತ್ತೇನೆ.